ಕಳ್ಳಿಗೂ ಕಳ್ಳರ ಕಾಟ: ನನ್ನ ಗಿಡ ಮರುಭೂಮಿಯಿಂದ ಕಿತ್ತು ತಂದದ್ದಾ?

ಹಸಿರುಕಿಟಕಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ಆನ್‌ಲೈನ್‌ನಲ್ಲಿ ಒಬ್ಬರಿಂದ ಕೊಪಿಯಪೋವಾ ಸಿನೆರಿಯಾ ಎಂಬ ಕಳ್ಳಿ ಗಿಡ ತರಿಸಿದೆ. ಫೋಟೋ ನೋಡಿಯೇ ಮನಸ್ಸು ಸೋತಿತ್ತು. ಬೂದಿ ಬಳಿದುಕೊಂಡ ಬೈರಾಗಿಯ ಹಾಗೆ ಬಿಳಿ ಮೈ, ಅದರ ಮೇಲೆ ಕಾಡಿಗೆಯಂಥ ಕಪ್ಪು ಮುಳ್ಳು. "ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ್ದು" ಎಂದು ಬರೆದಿದ್ದರು. ನಂಬಿದೆ.

ಡಬ್ಬಿ ಬಿಚ್ಚಿದಾಗ ಗಿಡ ಚೆನ್ನಾಗಿಯೇ ಇತ್ತು. ಬೇರು ನೋಡಿದ ಮೇಲೆ ಏನೋ ಸರಿ ಇಲ್ಲ ಅನ್ನಿಸಿತು. ಹೆಬ್ಬೆರಳಿಗಿಂತ ದಪ್ಪದ ತಾಯಿಬೇರು, ಅದೂ ಅರ್ಧಕ್ಕೇ ಕತ್ತರಿಸಿದ್ದು. ಬುಡದ ಸಂದಿನಲ್ಲಿ ಕೆಂಪು ಮರಳು. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೂ ಬಿಡಲಿಲ್ಲ. ಕೆಳಗಿನ ಮುಳ್ಳೆಲ್ಲ ಸವೆದು ಮೊಂಡಾಗಿದೆ. ಒಂದು ಮಗ್ಗುಲು ಮಾತ್ರ ಬಿಸಿಲಿಗೆ ಕಂದಿದೆ, ಯಾವುದೋ ಒಂದೇ ದಿಕ್ಕಿಗೆ ಮುಖ ಮಾಡಿ ಬಹಳ ಕಾಲ ನಿಂತಿದ್ದ ಹಾಗೆ.

ಗೆಳತಿಗೆ ಫೋಟೋ ಕಳಿಸಿದೆ. "ಇದು ಬೆಳೆಸಿದ್ದಲ್ಲ ಕಣೇ, ಕಿತ್ತದ್ದು" ಅಂದಳು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬಲ್ಲವರು ಹೇಳಿ, ಇದು ಕದ್ದ ಮಾಲಾ? ಹೌದಾದರೆ ನಾನೀಗ ಏನು ಮಾಡಲಿ?

ಮುಳ್ಳುಹಂದಿ
ಕಳ್ಳಿ ಕದ್ದವನು ಕಳ್ಳ. ಕೊಂಡವಳು?

ಹಸಿರುಕಿಟಕಿ
ಇದನ್ನೇ ರಾತ್ರಿಯಿಂದ ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ. ಥ್ಯಾಂಕ್ಸ್ ಮಾರಾಯ್ರೇ.

ಬೇರುಬಿಟ್ಟವ
ಕದ್ದದ್ದೋ ಬೆಳೆಸಿದ್ದೋ ಆಮೇಲೆ ನೋಡೋಣ ತಂಗಿ. ಮೊದಲು ನೀರು ಹಾಕಬೇಡ. ಕತ್ತರಿಸಿದ ಬೇರು ಚೆನ್ನಾಗಿ ಒಣಗಲಿ. ಒಣಗದೆ ನೀರು ಬಿದ್ದರೆ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಗೊತ್ತಾಗುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ತಾರಸಿತೋಟ
ಬೇರಿನ ಮತ್ತು ಬುಡದ ಫೋಟೋ ಹಾಕಿದ್ದಕ್ಕೆ ಒಳ್ಳೆಯದಾಯಿತು. ನೋಡಿದ ಮೇಲೆ ಹೇಳುತ್ತಿದ್ದೇನೆ: ನೂರಕ್ಕೆ ತೊಂಬತ್ತು ಪಾಲು ಇದು ಚಿಲಿ ದೇಶದ ಅಟಕಾಮಾ ಕರಾವಳಿಯಿಂದ ಕಿತ್ತದ್ದು.

ನಾನು ಬೀಜದಿಂದ ಬೆಳೆಸಿದ ಕೊಪಿಯಪೋವಾಗೆ ಈಗ ಎಂಟು ವರ್ಷ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿದೆ, ಅಷ್ಟೇ. ನಿಮ್ಮದು ತೆಂಗಿನಕಾಯಿಯಷ್ಟಿದೆ. ಅದರ ವಯಸ್ಸು ನೀವೇ ಲೆಕ್ಕ ಹಾಕಿ. ನಿಮಗಿಂತ ದೊಡ್ಡದಿದ್ದರೂ ಆಶ್ಚರ್ಯ ಇಲ್ಲ.

ಇನ್ನು ಆ ಬಿಳಿ ಬಣ್ಣ. ಅದು ಗಿಡ ತನ್ನ ಮೈಮೇಲೆ ತಾನೇ ಬಳಿದುಕೊಳ್ಳುವ ಮೇಣದಂಥ ಪುಡಿ. ಅಲ್ಲಿ ಮಳೆ ಇಲ್ಲ ಅಂದರೂ ನಡೆಯುತ್ತದೆ. ಸಮುದ್ರದಿಂದ ಏರಿ ಬರುವ ಮಂಜಿನಲ್ಲೇ ಬದುಕು. ಆ ಮಂಜಿಗೆ ಅಲ್ಲಿಯವರು ಕಮಾಂಚಾಕಾ ಅನ್ನುತ್ತಾರೆ. ಅಂಥ ಬಿಸಿಲಿನಲ್ಲಿ ಆ ಪುಡಿಯೇ ಕೊಡೆ. ಗಾಜಿನ ಮನೆಯಲ್ಲಿ ಹದವಾಗಿ ನೀರು ಕುಡಿದು ಬೆಳೆದದ್ದು ಸ್ವಲ್ಪ ಹಸಿರಾಗಿಯೇ ಇರುತ್ತದೆ. 2024ರಲ್ಲಿ ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿ ಬಂದಾಗ ಅವರೂ ಇದನ್ನೇ ಹೇಳಿದ್ದರು: ಬೂದು ಬಣ್ಣ, ಧೂಳು ಕೂತಂಥ ಮೈ ಇದ್ದರೆ ಕಿತ್ತದ್ದು, ಹಸಿರಿದ್ದರೆ ಬೆಳೆಸಿದ್ದು. ಆ ಪಟ್ಟಿಯ ಪ್ರಕಾರ ಕೊಪಿಯಪೋವಾ ಜಾತಿಗಳಲ್ಲಿ ಶೇಕಡಾ 82 ಅಳಿವಿನ ಅಂಚಿನಲ್ಲಿವೆ. 2013ರಲ್ಲಿ ಇದು ಶೇಕಡಾ 55 ಇತ್ತು.

ನಿಮ್ಮ ಮನಸ್ಸು ಸೋತದ್ದು ಆ ಬೂದಿಗೇ ಅಲ್ವಾ? ಎಲ್ಲರದೂ ಹಾಗೇ. ತೊಂದರೆ ಶುರುವಾಗುವುದೇ ಅಲ್ಲಿ.

ಹೊಸಬ
ಒಂದು ಸಣ್ಣ ಪ್ರಶ್ನೆ. ಈ ಹೆಸರನ್ನು ಹೇಗೆ ಹೇಳುವುದು? ಕೋಪಿಯಪ್ಪ?

ಮುಳ್ಳುಹಂದಿ
ಕೋಪಿಯಪ್ಪ ಚೆನ್ನಾಗಿದೆ. ಮುಟ್ಟಿದರೆ ಸಾಕು, ಕೋಪ ಗೊತ್ತಾಗುತ್ತದೆ.

ಕಲ್ಲುಸಂದಿ
ಚಿಲಿಯಲ್ಲಿ ಕೊಪಿಯಪೋ ಅಂತ ಒಂದು ಊರಿದೆ. ಅದರಿಂದ ಬಂದ ಹೆಸರು. ಕೊ-ಪಿ-ಯ-ಪೋ-ವಾ.

ಹಳೇಕುಂಡ
ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಅಲ್ಲಿ ಗಣಿಗೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ರಸ್ತೆ ಬರುತ್ತದೆ. ಮಂಜು ಕಡಿಮೆಯಾಗಿ ಗಿಡ ನಿಂತಲ್ಲೇ ಒಣಗುತ್ತದೆ. ಅದೆಲ್ಲ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರೋ ಒಬ್ಬ ಒಂದು ಗಿಡ ತಂದು ಕುಂಡದಲ್ಲಿ ಜೋಪಾನ ಮಾಡಿದರೆ ಅವನು ಕಳ್ಳ! ಅಲ್ಲಿದ್ದರೆ ಹೇಗೂ ಸಾಯುತ್ತಿತ್ತು. ಇಲ್ಲಾದರೂ ಬದುಕಿದೆ.

ತಾರಸಿತೋಟ
ಹಳೇಕುಂಡ ಸರ್, ಗಣಿ ಕೆಟ್ಟದ್ದು, ಒಪ್ಪಿದೆ. ಆದರೆ ಗಣಿಯವರು ಅಪರೂಪದ ಗಿಡ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವುದಿಲ್ಲ. ಕೀಳುವವರು ಅದಕ್ಕೇ ಹೋಗುತ್ತಾರೆ. ಗಿಡ ಕಡಿಮೆಯಾದಷ್ಟೂ ಬೆಲೆ ಏರುತ್ತದೆ. ಬೆಲೆ ಏರಿದಷ್ಟೂ ಉಳಿದ ನಾಲ್ಕನ್ನೂ ಬಿಡುವುದಿಲ್ಲ. ಅದೂ ಕೀಳುವುದು ದೊಡ್ಡದನ್ನೇ. ಹೂ ಬಿಟ್ಟು ಬೀಜ ಕೊಡುವುದೂ ಅದೇ ದೊಡ್ಡದು.

ಹಳೇಕುಂಡ
ಒಂದು ಗಿಡದಿಂದ ಪ್ರಪಂಚ ಮುಳುಗುವುದಿಲ್ಲ ಮೇಡಂ.

ರಾತ್ರಿರಾಣಿ
"ಒಂದು ಗಿಡ" ಎಂದಿರಲ್ಲ, ಇಟಲಿಯ ಕಥೆ ಕೇಳಿ. 2020ರಲ್ಲಿ ಸೆನಿಗಾಲಿಯಾ ಎಂಬ ಊರಿನ ಒಂದು ಮನೆ ಮೇಲೆ ಪೊಲೀಸರು ದಾಳಿ ಮಾಡಿದರು. ಬೀಗ ಹಾಕಿದ ಕೋಣೆಯ ಒಳಗೆ ಸಾವಿರಕ್ಕೂ ಹೆಚ್ಚು ಕಳ್ಳಿ ಗಿಡ. ಕೊಪಿಯಪೋವಾ, ಎರಿಯೊಸೈಸ್, ಎಲ್ಲ ಚಿಲಿಯಿಂದ ಬಂದದ್ದು. ಅದೇ ವ್ಯಕ್ತಿಯ ಗಿಡಗಳು 2013ರಲ್ಲೂ ಸಿಕ್ಕಿಬಿದ್ದಿದ್ದವು. ಆಪರೇಷನ್ ಅಟಕಾಮಾ ಅಂತ ಆ ತನಿಖೆಗೆ ಹೆಸರು. ಆಮೇಲೆ ಸಾವಿರ ಗಿಡವನ್ನೂ ವಿಮಾನ ಹತ್ತಿಸಿ ಚಿಲಿಗೆ ವಾಪಸ್ ಕಳಿಸಿದರು.

ಕಲ್ಲುಸಂದಿ
ಸಣ್ಣ ತಿದ್ದುಪಡಿ. 2021ರಲ್ಲಿ ವಾಪಸ್ ಹೋದದ್ದು 844. ಎಲ್ಲವೂ ಅಲ್ಲ.

ರಾತ್ರಿರಾಣಿ
ಹೌದು, ತಪ್ಪಾಯಿತು. 844. ನೆನಪಿನಿಂದ ಬರೆದರೆ ಹೀಗೇ ಆಗುತ್ತದೆ.

ಹೊಸಬ
ವಾಪಸ್ ಹೋದ ಗಿಡಗಳನ್ನು ಅದೇ ಗುಡ್ಡದಲ್ಲಿ ನೆಟ್ಟರಾ?

ಕಲ್ಲುಸಂದಿ
ನೆಡುವುದು ಅಷ್ಟು ಸುಲಭ ಅಲ್ಲ ತಮ್ಮ. ಯಾವ ಗುಡ್ಡದಿಂದ ಕಿತ್ತರು ಅಂತ ಕಳ್ಳ ಹೇಳಿದರೆ ತಾನೇ? ಪಕ್ಕದ ಗುಡ್ಡದ ಗಿಡವನ್ನು ಇಲ್ಲಿ ನೆಟ್ಟರೆ ಎರಡೂ ಬೆರೆತುಹೋಗುತ್ತವೆ. ಹೊರಗೆ ಇದ್ದಾಗ ಯಾವ ಬೂಷ್ಟು, ಯಾವ ಹುಳ ಹತ್ತಿಸಿಕೊಂಡು ಬಂದಿದೆಯೋ, ಅದೂ ಗುಡ್ಡಕ್ಕೆ ಹಬ್ಬುತ್ತದೆ. ಮತ್ತೆ ಕಿತ್ತುಕೊಂಡು ಹೋಗುವ ಭಯ ಬೇರೆ. ಹಾಗಾಗಿ ಸಿಕ್ಕಿಬಿದ್ದ ಗಿಡಗಳು ಜಾಸ್ತಿ ಉಳಿಯುವುದು ಸಸ್ಯೋದ್ಯಾನದ ಕುಂಡಗಳಲ್ಲೇ.

ಈ ಗಿಡಗಳ್ಳತನದ ಬಿಸಿ ಜೋರಾಗಿ ತಟ್ಟಿರುವುದು ದಕ್ಷಿಣ ಆಫ್ರಿಕಾಗೆ. ಸಕ್ಯುಲೆಂಟ್ ಕರೂ ಅಂತ ಒಂದು ಪ್ರದೇಶ ಇದೆ, ಅಲ್ಲಿಂದ ನಮೀಬಿಯಾದವರೆಗೂ ಹಬ್ಬಿದೆ. ಪ್ರಪಂಚದಲ್ಲಿ ಸಕ್ಯುಲೆಂಟ್, ಅಂದರೆ ಮೈಯಲ್ಲೇ ನೀರು ತುಂಬಿಟ್ಟುಕೊಳ್ಳುವ ಗಿಡಗಳ ಜಾತಿಗಳು ಇಷ್ಟು ಒತ್ತೊತ್ತಾಗಿ ಇರುವ ಜಾಗ ಇನ್ನೊಂದಿಲ್ಲ. ಅಲ್ಲಿ ಕೊನೊಫೈಟಮ್ ಎಂಬ ಗಿಡ. ಗಿಡ ಅಂದರೆ ನಗು ಬರಬೇಕು, ಎರಡು ಎಲೆ ಅಂಟಿಕೊಂಡ ಒಂದು ಗುಂಡಿ, ಅಷ್ಟೇ. ಅಲ್ಲಿಯ ಜನ ಇದಕ್ಕೆ ಟೂನ್‌ಚೀಸ್ ಅನ್ನುತ್ತಾರೆ, ಪುಟಾಣಿ ಕಾಲ್ಬೆರಳುಗಳು ಅಂತ ಅರ್ಥ. ಕಲ್ಲಿನ ಬಿರುಕಿನಲ್ಲಿ ಐದಾರು ಬೆರಳು ಒತ್ತಿಕೊಂಡು ಕೂತ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಹಳೆ ಎಲೆ ಒಣಗಿ ತೆಳ್ಳನೆ ಕಾಗದದ ಪೊರೆಯಾಗುತ್ತದೆ. ಒಳಗೆ ಹೊಸ ಎಲೆ ಅವಿತುಕೊಂಡಿರುತ್ತದೆ. ಮಳೆ ಬಿದ್ದಾಗ ಪೊರೆ ಹರಿದು ಹೊರಗೆ ಬರುತ್ತದೆ. ಬೀಜದ ಕಾಯಿ ಕೂಡ ಒದ್ದೆಯಾದರೆ ಮಾತ್ರ ಬಾಯಿ ತೆರೆಯುತ್ತದೆ, ಮಳೆ ಹನಿ ಬಿದ್ದು ಬೀಜ ಹಾರುತ್ತದೆ. ಹಾರಿದರೂ ಬಹಳ ದೂರ ಹೋಗುವುದಿಲ್ಲ. ಹಾಗಾಗಿ ಕೆಲವು ಜಾತಿ ಒಂದೇ ಗುಡ್ಡದ ಮೇಲೆ ಮಾತ್ರ ಇವೆ. ಒಬ್ಬ ಮನುಷ್ಯ, ಒಂದು ಚಮಚ, ಒಂದು ಚೀಲ, ಒಂದು ಮಧ್ಯಾಹ್ನ. ಇಷ್ಟಿದ್ದರೆ ಒಂದು ಜಾತಿ ಖಾಲಿ.

2019ರಿಂದ 2024ರವರೆಗೆ ಅಲ್ಲಿಯ ಅಧಿಕಾರಿಗಳ ಕೈಗೆ ಸಿಕ್ಕ ಗಿಡಗಳೇ ಹತ್ತು ಲಕ್ಷಕ್ಕೂ ಹೆಚ್ಚು. ಸಿಕ್ಕಿದ್ದು ಮಾತ್ರ ಇಷ್ಟು. ದಾಟಿಹೋದದ್ದಕ್ಕೆ ಲೆಕ್ಕ ಯಾರಿಡುತ್ತಾರೆ?

ಮುಳ್ಳುಹಂದಿ
ಚಮಚ ಓದಿ ನಗು ನಿಂತುಹೋಯಿತು.

ಅಂಚೆಡಬ್ಬಿ
ಪೋಸ್ಟಾಫೀಸಿನ ಕಥೆ ಒಂದಿದೆ. ನನ್ನ ಹೆಸರಿಗೆ ತಕ್ಕ ಕಥೆ, ಬಿಟ್ಟರೆ ಹೇಗೆ!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಂಡೊಸಿನೊ ಅಂತ ಸಮುದ್ರದ ದಡದ ಸಣ್ಣ ಊರು. ಅಲ್ಲಿಯ ಅಂಚೆ ಕಚೇರಿಯಲ್ಲಿ ಒಬ್ಬ ಸಾಲು ಸಾಲು ಪಾರ್ಸೆಲ್ ಇಟ್ಟುಕೊಂಡು ಚೀನಾಕ್ಕೆ ಕಳಿಸುತ್ತಿದ್ದ. ಹಿಂದೆ ಒಬ್ಬ ಹೆಂಗಸು ಕ್ಯೂನಲ್ಲಿ ನಿಂತು ನಿಂತು ಸಾಕಾಗಿತ್ತು. "ಏನಪ್ಪಾ ಅದು?" ಎಂದು ಕೇಳಿದರಂತೆ. ಬಹಳ ಬೆಲೆಬಾಳುವ ವಸ್ತು ಅಂದ. ಎಲ್ಲಿಂದ ತಂದೆ ಅಂದರೆ ಸಮುದ್ರದ ಕಡೆ ಕೈ ತೋರಿಸಿದ. ಆಕೆಗೆ ಅನುಮಾನ ಬಂದು ವನ್ಯಜೀವಿ ಇಲಾಖೆಗೆ ಫೋನ್ ಮಾಡಿದರು. ಅವರು ಮೊದಲು ಅಂದುಕೊಂಡದ್ದು ಅಬಲೋನಿ ಇರಬಹುದು ಅಂತ, ಅದು ಕದ್ದು ಹಿಡಿಯುವ ಸಮುದ್ರದ ಚಿಪ್ಪುಜೀವಿ. ಎಕ್ಸ್‌ರೇ ಮಾಡಿ ನೋಡಿದರೆ ಒಳಗೆ ಗಿಡ! ಕಡಲಂಚಿನ ಬಂಡೆಯಲ್ಲಿ ಬೆಳೆಯುವ ಡಡ್ಲಿಯಾ ಫ್ಯಾರಿನೋಸಾ.

ಹಾಗೆ ಶುರುವಾಗಿ ಆಮೇಲೆ ಇನ್ನೂ ಹಲವರು ಸಿಕ್ಕಿಬಿದ್ದರು. ಡಡ್ಲಿಯಾಗೆಂದೇ ಬೇರೆ ಕಾನೂನು ಬಂತು, 2022ರಿಂದ ಜಾರಿಯಲ್ಲಿದೆ. ಕಾವಲುಗಾರರಲ್ಲ, ಕ್ಯಾಮೆರಾ ಅಲ್ಲ, ಕ್ಯೂನಲ್ಲಿ ಬೇಸತ್ತ ಒಬ್ಬ ಹೆಂಗಸಿನಿಂದ ಇಷ್ಟಾಯಿತು.

ಕಲ್ಲುಸಂದಿ
ಇದಕ್ಕೆ ಒಂದು ಬಾಲ ಇದೆ ಅಂಚೆಡಬ್ಬಿ ಅವರೇ. ಇನ್ನೊಂದು ಡಡ್ಲಿಯಾ ಕೇಸಿನ ಆರೋಪಿ 2019ರಲ್ಲಿ ಅಮೆರಿಕದಿಂದ ತಪ್ಪಿಸಿಕೊಂಡ. ಅದೇ ವರ್ಷ ಅವನು ಮತ್ತೆ ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತಾ? ದಕ್ಷಿಣ ಆಫ್ರಿಕಾದಲ್ಲಿ, ಕೊನೊಫೈಟಮ್ ಕೀಳುತ್ತಾ. ಕೊನೆಗೆ ಅಮೆರಿಕಕ್ಕೆ ಒಪ್ಪಿಸಿದರು, 2022ರಲ್ಲಿ ಎರಡು ವರ್ಷ ಜೈಲಾಯಿತು. ಒಂದು ಖಂಡದಲ್ಲಿ ಬಾಗಿಲು ಹಾಕಿದರೆ ಇನ್ನೊಂದು ಖಂಡ.

ಹಳೇಕುಂಡ
ಸರಿ, ದೊಡ್ಡ ಕಳ್ಳರು ಇದ್ದಾರೆ, ಒಪ್ಪಿದೆ. ಆದರೆ ಗುಡ್ಡ ಹತ್ತಿ ಕೀಳುವವನು ಯಾರು? ಆ ಊರಿನ ಬಡವನೇ ಅಲ್ವಾ? ಜೈಲಿಗೆ ಹೋಗುವುದು ಅವನು. ಗಿಡ ತರಿಸಿದವನು ಮನೆಯಲ್ಲಿ ಎಸಿ ಹಾಕಿಕೊಂಡು ಫೋಟೋ ತೆಗೆಯುತ್ತಾನೆ.

ಕಲ್ಲುಸಂದಿ
ಈ ಮಾತಿಗೆ ನನ್ನ ವೋಟು. ಮೊದಲು ಹೊರದೇಶದವರೇ ಬಂದು ಕೀಳುತ್ತಿದ್ದರು. ಕೋವಿಡ್ ಬಂದು ವಿಮಾನ ನಿಂತಿತು. ಆಗ ಫೋನಿನಲ್ಲೇ ಊರಿನವರಿಗೆ ಕೆಲಸ ಹಚ್ಚಿದರು. ಗಿಡದ ಫೋಟೋ ಕಳಿಸುವುದು, ಇಂಥದ್ದು ಇಷ್ಟು ಬೇಕು ಅನ್ನುವುದು. ಅಲ್ಲಿ ಬರಗಾಲ, ಗಣಿಗಳು ಮುಚ್ಚಿ ಕೆಲಸ ಇಲ್ಲ. ಹೊಟ್ಟೆ ಕೇಳುತ್ತದಾ? ಕಿತ್ತವನ ಕೈಗೆ ಪುಡಿಗಾಸು. ನಡುವಿನವರಿಗೆ ಹಬ್ಬ.

ಹಳೇಕುಂಡ
ಅಬ್ಬಾ, ಒಂದು ಕಡೆಯಾದರೂ ಒಪ್ಪಿದಿರಲ್ಲ.

ಸಂಜೆಮಲ್ಲಿಗೆ
ತಡವಾಗಿ ಬಂದೆ. ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಹೊಸ ಜಾತಿ ಕಂಡುಹಿಡಿದವರು ಎಲ್ಲಿ ಸಿಕ್ಕಿತು ಅಂತ ಹೇಳುವುದೇ ಇಲ್ಲ. ವಿಜ್ಞಾನ ಅಂದರೆ ಬಚ್ಚಿಡುವುದಾ? ಜನರಿಗೆ ಗೊತ್ತಿಲ್ಲದ ಗಿಡವನ್ನು ಜನ ಉಳಿಸುವುದು ಹೇಗೆ?

ತಾರಸಿತೋಟ
ಹೇಳಿ ಪಾಠ ಕಲಿತವರು ಅವರು. ಮೆಕ್ಸಿಕೋದ ನ್ಯೂವೊ ಲಿಯಾನ್‌ನಲ್ಲಿ ಅಜ್ಟೆಕಿಯಮ್ ಹಿಂಟೋನಿ ಅಂತ ಕಳ್ಳಿ ಸಿಕ್ಕಿತು. 1992ರಲ್ಲಿ ಅದಕ್ಕೆ ಹೆಸರಿಟ್ಟರು. ಸುದ್ದಿ ಹಬ್ಬಿದ್ದೇ ತಡ, ಸಂಗ್ರಹಕಾರರು ಮುಗಿಬಿದ್ದು ಹೊತ್ತುಕೊಂಡು ಹೋದರು. ಅಂದಿನಿಂದ ಬಹಳ ಮಂದಿ ಜಾಗ ಬರೆಯುವುದಕ್ಕೇ ಹೆದರುತ್ತಾರೆ. ಗಿಡ, ಪ್ರಾಣಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲೂ ಅಪಾಯದಲ್ಲಿರುವ ಜಾತಿಯ ಫೋಟೋ ಹಾಕಿದರೆ ನಕ್ಷೆಯಲ್ಲಿ ನಿಜವಾದ ಜಾಗ ತೋರಿಸುವುದಿಲ್ಲ, ಚುಕ್ಕೆಯನ್ನು ಎಲ್ಲೋ ಆಚೀಚೆ ಇಡುತ್ತದೆ.

ಸಂಜೆಮಲ್ಲಿಗೆ
ಚುಕ್ಕೆ ಸರಿಸಿದರೆ ಸಾಕಾ? ಫೋಟೋದ ಹಿಂದೆ ಗುಡ್ಡದ ಸಾಲು ಕಾಣುತ್ತದಲ್ಲ.

ತಾರಸಿತೋಟ
ಅದೂ ನಿಜ. ಅದಕ್ಕೇ ತಿಳಿದವರು ಕ್ಯಾಮೆರಾ ಬಗ್ಗಿಸಿ ನೆಲ ಮಾತ್ರ ತೆಗೆಯುತ್ತಾರೆ. ನಾಚಿಕೆ ಸ್ವಭಾವದ ಹೆಣ್ಣಿನ ಮದುವೆ ಫೋಟೋ ತೆಗೆದ ಹಾಗೆ.

ಹೊಸಬ
ಹಾಗಾದರೆ ಎಲ್ಲ ಜಾತಿಯನ್ನೂ ನರ್ಸರಿಗಳಲ್ಲಿ ರಾಶಿ ರಾಶಿ ಬೆಳೆಸಿದರೆ ಆಯಿತಲ್ಲ? ಅಗ್ಗಕ್ಕೆ ಸಿಕ್ಕರೆ ಗುಡ್ಡ ಹತ್ತುವವರು ಯಾರು?

ಬೇರುಬಿಟ್ಟವ
ಅರ್ಧ ಸರಿ. ಕೊನೊಫೈಟಮ್ ಬೀಜದಿಂದ ಬರುತ್ತದೆ. ನಾನೇ ಬೆಳೆಸಿದ್ದೇನೆ. ಬೀಜ ಎಷ್ಟು ಸಣ್ಣ ಅಂದರೆ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಮೊದಲ ಸಲ ಕೆಮ್ಮಿ ಒಂದು ಪೊಟ್ಟಣವನ್ನೇ ಕಳೆದುಕೊಂಡೆ. ಮೊಳಕೆ ಸಾಸಿವೆ ಕಾಳಿಗಿಂತ ಚಿಕ್ಕದು, ಪಾಚಿಯೋ ಗಿಡವೋ ಗೊತ್ತಾಗುವುದಿಲ್ಲ. ಆದರೂ ಕೆಲವು ವರ್ಷಕ್ಕೆ ಹೂ ನೋಡಬಹುದು.

ಸಮಸ್ಯೆ ಏನೆಂದರೆ, ಬೆಳೆಸಿದ್ದು ಕೊಟ್ಟರೆ ಕೆಲವರು ಮೂಗು ಮುರಿಯುತ್ತಾರೆ. "ಪ್ಲಾಸ್ಟಿಕ್ ಗೊಂಬೆ ಥರ ಇದೆ, ಕ್ಯಾರೆಕ್ಟರ್ ಇಲ್ಲ" ಅಂತ. ಅವರಿಗೆ ಗಾಯ ಬೇಕು, ಸುಕ್ಕು ಬೇಕು, ಗಾಳಿಗೆ ವಾಲಿದ ಮೈ ಬೇಕು. ನೂರು ವರ್ಷದ ಬಿಸಿಲನ್ನು ನಾನು ತಾರಸಿಯಲ್ಲಿ ಎಲ್ಲಿಂದ ತರಲಿ?

ಹಸಿರುಕಿಟಕಿ
ಅಣ್ಣಾ, ಇದನ್ನು ಓದಿ ಮುಖ ಬಿಸಿಯಾಯಿತು. ಆ ಮಾರಾಟಗಾರರ ಬಳಿ ಚಿಕ್ಕ, ಹಸಿರು ಗಿಡವೂ ಇತ್ತು. "ಇದು ಬೇಡ, ಆ ಹಳೇ ಲುಕ್ ಇರುವುದು ಕೊಡಿ" ಅಂತ ಕೇಳಿದ್ದು ನಾನೇ.

ಮುಳ್ಳುಹಂದಿ
ತಪ್ಪೊಪ್ಪಿಗೆ ಸ್ವೀಕರಿಸಲಾಗಿದೆ. ನಾನೂ ಹಿಂದೆ ಒಂದು ಹೀಗೇ ತಂದಿದ್ದೆ. ಆರು ತಿಂಗಳಿಗೆ ಕೊಳೆಯಿತು. ಯಾರಿಗೂ ಹೇಳಿರಲಿಲ್ಲ.

ಕಲ್ಲುಸಂದಿ
ಮಾರಿದವರ ಹತ್ತಿರ ಕಾಗದ ಕೇಳಿದಿರಾ? ಕಳ್ಳಿ ಕುಟುಂಬ ಹೆಚ್ಚುಕಡಿಮೆ ಪೂರ್ತಿಯಾಗಿ ಸೈಟೀಸ್, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ತೀರಾ ಅಪರೂಪದ ಕೆಲವು ಒಂದನೆಯದರಲ್ಲಿ. ಗಡಿ ದಾಟಿ ಬಂದ ಗಿಡಕ್ಕೆ ಪರ್ಮಿಟ್ ಇರಲೇಬೇಕು.

ಹಸಿರುಕಿಟಕಿ
ಇವತ್ತು ಬೆಳಗ್ಗೆ ಕೇಳಿದೆ. ಒಂದು ಸರ್ಟಿಫಿಕೇಟಿನ ಫೋಟೋ ಕಳಿಸಿದರು. ಸೀಲು, ಸಹಿ ಎಲ್ಲ ಇದೆ. ಫೈಟೋಸ್ಯಾನಿಟರಿ ಅಂತ ಬರೆದಿದೆ. ಇದು ಸಾಕಲ್ವಾ?

ಕಲ್ಲುಸಂದಿ
ಸಾಲದು! ಬಹಳ ಜನ ಬೀಳುವುದು ಇದೇ ಗುಂಡಿಗೆ. ಫೈಟೋಸ್ಯಾನಿಟರಿ ಅಂದರೆ ಗಿಡದಲ್ಲಿ ಹುಳ, ರೋಗ ಇಲ್ಲ ಅಂತ ಮಾತ್ರ. ಗಿಡ ಎಲ್ಲಿಂದ ಬಂತು, ಬೆಳೆಸಿದ್ದಾ ಕಿತ್ತದ್ದಾ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕದ್ದ ಗಿಡಕ್ಕೂ ಆರೋಗ್ಯ ಚೆನ್ನಾಗಿಯೇ ಇರಬಹುದು. ಸೈಟೀಸ್ ಪರ್ಮಿಟ್ ಬೇರೆ. ಅದನ್ನು ಕೇಳಿ. ತಾಯಿಗಿಡದ, ಮೊಳಕೆಗಳ ಫೋಟೋನೂ ಕೇಳಿ. ನಿಜವಾಗಿ ಬೆಳೆಸುವವರು ಮೊಳಕೆ ತೋರಿಸುವುದಕ್ಕೆ ಕಾಯುತ್ತಿರುತ್ತಾರೆ, ಸಾಕು ಅಂದರೂ ಬಿಡುವುದಿಲ್ಲ.

ಬೇರುಬಿಟ್ಟವ
ಯಾಕೋ ನನಗೇ ಹೇಳಿದ ಹಾಗಿದೆ.

ಹಸಿರುಕಿಟಕಿ
ಕೇಳಿದೆ. ಬ್ಲಾಕ್ ಮಾಡಿದರು.

ಮುಳ್ಳುಹಂದಿ
ಉತ್ತರ ಸಿಕ್ಕಿತು ಅನ್ನಿ.

ಸಂಜೆಮಲ್ಲಿಗೆ
ಈಗ ಗಿಡ ಏನು ಮಾಡುವುದು? ಸುಟ್ಟುಬಿಡಿ ಅನ್ನುವವರೂ ಇದ್ದಾರೆ.

ತಾರಸಿತೋಟ
ಸುಡುವುದು ಯಾಕೆ, ಅದೇನು ತಪ್ಪು ಮಾಡಿದೆ? ಮೊದಲು ಆ ಜಾಹೀರಾತು, ಮಾತುಕತೆ, ಸರ್ಟಿಫಿಕೇಟ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ವನ್ಯಜೀವಿ ಅಪರಾಧ ನೋಡಿಕೊಳ್ಳುವ ಅಧಿಕಾರಿಗಳಿಗೆ ತಿಳಿಸಿ. ಗಿಡದ ಬಗ್ಗೆಯೂ ಅವರನ್ನೇ ಕೇಳಿ, ಸಸ್ಯೋದ್ಯಾನಕ್ಕೆ ಕೊಡಿ ಅಂದರೆ ಕೊಡಿ. ಮಾರಬೇಡಿ, ಯಾರಿಗೂ ಉಡುಗೊರೆಯಾಗಿ ಕೊಡಬೇಡಿ. ಮತ್ತೆ ನೀವು ಪ್ರೊಫೈಲ್‌ಗೆ ಹಾಕಿಕೊಂಡಿರುವ ಈ ಗಿಡದ ಫೋಟೋ ತೆಗೆದುಹಾಕಿ. ನಾನು ನೋಡುವಾಗಲೇ ಅದರ ಕೆಳಗೆ ನಲವತ್ತು ಜನ "ಎಲ್ಲಿ ಸಿಗುತ್ತೆ?" ಎಂದು ಕೇಳಿದ್ದರು.

ಹಳೇಕುಂಡ
ನಾನೂ ಒಂದು ಹೇಳುತ್ತೇನೆ, ಜಗಳಕ್ಕಲ್ಲ. ನನ್ನ ಹತ್ತಿರ ಮೂವತ್ತು ವರ್ಷದ ಹಿಂದೆ ತಂದ ಒಂದು ಅರಿಯೊಕಾರ್ಪಸ್ ಕಳ್ಳಿ ಇದೆ. ಎಲ್ಲಿಂದ ಬಂತು ಅಂತ ಆಗ ಕೇಳಿರಲಿಲ್ಲ, ಆಗ ಯಾರೂ ಕೇಳುತ್ತಿರಲಿಲ್ಲ. ಈಗ ಪ್ರತಿ ವರ್ಷ ಹೂ ಬಿಡುತ್ತದೆ. ಜೊತೆಗೆ ಇನ್ನೊಂದಿಲ್ಲದೆ ಬೀಜ ಕಟ್ಟಿಲ್ಲ. ನಿನ್ನೆ ಇದೆಲ್ಲ ಓದಿದ ಮೇಲೆ ಹೋಗಿ ಅದರ ಬುಡ ನೋಡಿದೆ.

ಕಲ್ಲುಸಂದಿ
ಏನು ಕಾಣಿಸಿತು ಸರ್?

ಹಳೇಕುಂಡ
ಕೆಂಪು ಮರಳಲ್ಲ. ಬಿಳಿ ಸುಣ್ಣಕಲ್ಲಿನ ಚೂರು.

ತಾರಸಿತೋಟ
ಗೊತ್ತಿರುವ ನರ್ಸರಿಯವರೊಬ್ಬರ ಹತ್ತಿರ ಬೀಜದಿಂದ ಬೆಳೆಸಿದ ಅರಿಯೊಕಾರ್ಪಸ್ ಹೂ ಬಿಡುತ್ತದೆ ಸರ್, ದಾಖಲೆಯೂ ಇದೆ. ನಿಮ್ಮದು ಹೂ ಬಿಟ್ಟಾಗ ಹೇಳಿ. ಒಂದು ಕುಂಚದಲ್ಲಿ ಪರಾಗ ತರುತ್ತೇನೆ. ನಿಮ್ಮದು ಯಾವ ಜಾತಿ ಅಂತ ಮೊದಲು ನೋಡೋಣ, ಬೆರಕೆ ಮಾಡುವುದು ಬೇಡ.

ಹಳೇಕುಂಡ
ಬನ್ನಿ. ಜಗಳ ಬಾಗಿಲ ಹೊರಗೆ ಬಿಟ್ಟು ಬನ್ನಿ.

ಹಸಿರುಕಿಟಕಿ
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ದೂರು ಕೊಟ್ಟಿದ್ದೇನೆ. ಅವರು ಹೇಳುವವರೆಗೆ ಗಿಡ ನನ್ನ ಬಳಿಯೇ ಇರಲಿ ಅಂದರು. ಪ್ರೊಫೈಲ್ ಫೋಟೋ ತೆಗೆದುಹಾಕಿದೆ. ಇವತ್ತು ಬೆಳಗ್ಗೆ ಎತ್ತಿ ನೋಡಿದರೆ ಕತ್ತರಿಸಿದ ತಾಯಿಬೇರಿನ ಅಂಚಿನಲ್ಲಿ ಒಂದು ಬಿಳಿ ಬೇರು ಬಂದಿದೆ, ಅಕ್ಕಿಕಾಳಷ್ಟು. ಖುಷಿಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಸುಮ್ನೆ ನೋಡುತ್ತಾ ಕೂತಿದ್ದೆ.

ಬೇರುಬಿಟ್ಟವ
ನೀರು ಹಾಕಿದೆಯಾ?

ಹಸಿರುಕಿಟಕಿ
ಇಲ್ಲ ಅಣ್ಣಾ.

ಬೇರುಬಿಟ್ಟವ
ಇನ್ನೊಂದು ವಾರ ಬೇಡ.